ಚಿಂಚೋಳಿ ಕಡೆಯ ಹಳೇ ಕಲ್ಲಿನ ಮನೆ: ಭೂಕಂಪ ತಡೆಯುವಂತೆ ಗಟ್ಟಿ ಮಾಡುವುದು ಹೇಗೆ?

ಪ್ರಶ್ನೆ:
ಚಿಂಚೋಳಿ ತಾಲ್ಲೂಕಿನಲ್ಲಿ ಮಣ್ಣಿನಲ್ಲಿ ಕಟ್ಟಿದ ಕಲ್ಲಿನ ಮನೆ. ಗೋಡೆ ಎರಡೂವರೆ ಅಡಿ ದಪ್ಪ, ಮೇಲೆ ತೊಲೆ, ಜಂತಿ, ಮಣ್ಣಿನ ಮಾಳಿಗೆ. 2021ರಲ್ಲಿ ಗಡಿಕೇಶ್ವಾರದ ಸುತ್ತ ನೆಲ ನಡುಗಿದಾಗಿನಿಂದ ಮನೆಯವರಿಗೆ ದಿಗಿಲು. ಭೂಕಂಪದ ಅಪಾಯ ತೋರಿಸುವ ನಕ್ಷೆಯಲ್ಲಿ ಕಲಬುರಗಿ ಕಡಿಮೆ ಅಪಾಯದ ಎರಡನೇ ವಲಯ, ಸಣ್ಣ ಕಂಪನದಲ್ಲೇ ಒತ್ತಡ ಇಳಿದುಹೋಗುತ್ತದೆ ಅನ್ನುತ್ತಾರೆ, ನಿಜವೇ? ಕೆಡವಿ ಕಟ್ಟಲು ದುಡ್ಡಿಲ್ಲ.

ಉತ್ತರ 1:
ಒತ್ತಡ ಇಳಿಯುತ್ತದೆ ಅನ್ನೋ ಮಾತು ನಂಬಬೇಡಿ. ತೀವ್ರತೆ ಒಂದು ಅಂಕ ಏರಿದರೆ ಹೊರಬೀಳುವ ಶಕ್ತಿ ಸುಮಾರು 32 ಪಟ್ಟು. 6ರ ಒಂದು ಭೂಕಂಪಕ್ಕೆ ಸಮ ಆಗಬೇಕಾದರೆ 4ರವು ಸಾವಿರ ಬೇಕು. ಗಡಿಯಾಚೆ ಮಹಾರಾಷ್ಟ್ರದ ಕಿಲ್ಲಾರಿಯೂ ಆಗಿನ ನಕ್ಷೆಯಲ್ಲಿ ಎಲ್ಲಕ್ಕಿಂತ ಕಡಿಮೆ ಅಪಾಯದ ಒಂದನೇ ವಲಯದಲ್ಲೇ ಇತ್ತು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಅಲ್ಲಿ ಸುಮಾರು ಹತ್ತು ಸಾವಿರ ಜನ ಸತ್ತರು, ಹೆಚ್ಚಿನವರು ಇಂಥದ್ದೇ ಮನೆಗಳಡಿ.

ನಿಮ್ಮ ಗೋಡೆ ದಪ್ಪ ಇದೆಯೇ ಹೊರತು ಒಂದೇ ಗೋಡೆಯಲ್ಲ. ಹೊರಮೈಗೊಂದು, ಒಳಮೈಗೊಂದು ಕಲ್ಲಿನ ಸಾಲು. ನಡುವೆ ಚಕ್ಕೆಗಲ್ಲು, ಮಣ್ಣು. ಅಲುಗಾಟಕ್ಕೆ ನಡುವಿನದು ಕೆಳಗೆ ಜಗ್ಗಿ, ಬೆಣೆ ಹೊಡೆದಂತೆ ಎರಡೂ ಸಾಲನ್ನು ಆಚೀಚೆ ತಳ್ಳುತ್ತದೆ. ಇವೆರಡನ್ನೂ ಒಂದಕ್ಕೊಂದು ಬಿಗಿಯಬೇಕು. ಉದ್ದಕ್ಕೂ ಎತ್ತರಕ್ಕೂ ಮೀಟರಿಗೊಂದರಂತೆ ಕಲ್ಲು ಬಿಡಿಸಿ ಆರಪಾರ ತೂತು ಮಾಡಿಸಿ: ನಡುವೆ 3 ಇಂಚು, ಎರಡೂ ಬಾಯಿ ಇನ್ನೂ ಅಗಲ. ತುದಿ ಬಗ್ಗಿಸಿದ 8 ಮಿ.ಮೀ. ಸಲಾಕೆ ಇಟ್ಟು ಕಾಂಕ್ರೀಟ್ ತುಂಬಿ, ಹತ್ತು ದಿನ ನೀರು ಹೊಡೆಯಿರಿ. ಸಲಾಕೆ ಹೊರಗೆ ಕಂಡರೆ ತುಕ್ಕು ಹಿಡಿಯುತ್ತದೆ. ಗೌಂಡಿ ಸುತ್ತಿಗೆಯಿಂದ ಬಡಿಯದಂತೆ ನೋಡಿಕೊಳ್ಳಿ, ಒಳಗಿನ ಮಣ್ಣು ಸಡಿಲುತ್ತದೆ. ಮೀಟಿ ಮೀಟಿ ಬಿಡಿಸಬೇಕು. ಅಕ್ಕಪಕ್ಕದ ತೂತುಗಳನ್ನು ಒಂದೇ ದಿನ ತೆಗೆಯಬಾರದು.

ಉತ್ತರ 2:
ಅದಕ್ಕೂ ಮೊದಲು ಮಾಳಿಗೆಯ ಭಾರ ಇಳಿಸಿ. ಸೋರಿದಾಗಲೆಲ್ಲ ಮಣ್ಣು ಹಾಕುತ್ತಾ ಬಂದು ಒಂದೂವರೆ, ಎರಡಡಿ ಆಗಿರುತ್ತದೆ. ಎಂಟು ಇಂಚಿಗೆ ತನ್ನಿ, ಸೋರದಂತೆ ಮಣ್ಣಿನ ಕೆಳಗೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ. ಹತ್ತಡಿಗೆ ಹತ್ತಡಿಯ ಕೋಣೆ ಮೇಲಿಂದ ನಾಲ್ಕು ಇಂಚು ಮಣ್ಣು ತೆಗೆದರೂ ಒಂದೂವರೆ ಟನ್ ಇಳಿಯುತ್ತದೆ. ಖರ್ಚು ಕೂಲಿ ಮಾತ್ರ.

ಆಮೇಲೆ ಬಾಗಿಲು, ಕಿಟಕಿಗಳ ಮೇಲ್ಗಡೆ ಗೋಡೆಯ ಎರಡೂ ಮೈಗೆ, ಮನೆ ಸುತ್ತ ಎಲ್ಲೂ ತುಂಡಾಗದಂತೆ, ಗ್ಯಾಲ್ವನೈಸ್ಡ್ ವೆಲ್ಡ್ ಮೆಶ್‌ನ (ಸತು ಲೇಪಿಸಿ ಬೆಸೆದ ತಂತಿ ಜಾಲರಿಯ) ಪಟ್ಟಿ ಕಟ್ಟಿಸಿ. ಸಂದಿನ ಮಣ್ಣು ಕೆರೆದು 1:3 ಸಿಮೆಂಟ್ ಗಾರೆ (ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಮರಳು), ಅದರ ಮೇಲೆ ಉದ್ದ ಮೊಳೆ ಹೊಡೆದು ಮೆಶ್, ಮತ್ತೆ ಗಾರೆ. ಮೆಶ್ ಕೂಡುವಲ್ಲಿ ಒಂದರ ಮೇಲೊಂದು ಒಂದಡಿ ಬರಲಿ. ಜಾಸ್ತಿ ತಪ್ಪಾಗೋದು ಮೂಲೆಯಲ್ಲಿ: ಅಲ್ಲಿಗೆ ಕತ್ತರಿಸಿ ನಿಲ್ಲಿಸಿದರೆ ಮಾಡಿದ್ದೆಲ್ಲ ದಂಡ. ಮೂಲೆ ಸುತ್ತಿ ಮುಂದಕ್ಕೆ ಹೋಗಲೇಬೇಕು.

ಪ್ರಶ್ನೆ ಕೇಳಿದವರು:
ಬರೀ ಸಿಮೆಂಟ್ ಗಿಲಾವು ಸಾಲದೇ? ಹಿಂದಿನ ಗೋಡೆ ಸ್ವಲ್ಪ ಉಬ್ಬಿದೆ.

ಉತ್ತರ 1:
ಸಾಲದು. ಗಿಲಾವು ಉಬ್ಬನ್ನು ಮುಚ್ಚುತ್ತದೆ, ತಡೆಯುವುದಿಲ್ಲ. ಆ ಭಾಗಕ್ಕೆ ತೂತಿನ ಕೆಲಸವೂ ಬೇಡ. ಮಾಳಿಗೆಗೆ ಆಸರೆ ಕೊಟ್ಟು, ಅಷ್ಟು ಗೋಡೆ ಬಿಚ್ಚಿ, ಒಂದೂವರೆ ಅಡಿ ದಪ್ಪಕ್ಕೆ ಸಿಮೆಂಟ್ ಗಾರೆಯಲ್ಲಿ ಕಟ್ಟಿಸಿ. ಪ್ರತಿ ಎರಡಡಿ ಎತ್ತರಕ್ಕೆ, ನಾಲ್ಕಡಿಗೊಂದರಂತೆ, ಈ ಮೈಯಿಂದ ಆ ಮೈವರೆಗೆ ಹಾಯುವ ಉದ್ದಗಲ್ಲು ಇರಲಿ. ಅಲ್ಲಿವರೆಗೆ ಆ ಗೋಡೆ ಪಕ್ಕ ಯಾರೂ ಮಲಗಬಾರದು; ಹಾಸಿಗೆ ಇವತ್ತೇ ಸರಿಸಿ.