ಸೀರಿಯಲ್ ಅತ್ತೆ ನೀರುದೋಸೆ ಮಗುಚಿದ್ದು ಸರಿಯಾ?

ರಥಬೀದಿ:
ಈ ಸೀಸನ್‌ನ ಧಾರಾವಾಹಿಗಳ ಬಗ್ಗೆ ನನ್ನ ಅಭಿಪ್ರಾಯ ಬರೆಯುತ್ತಿದ್ದೇನೆ. ಸಂಜೆ ಆರಕ್ಕೆ ಶುರುವಾದರೆ ಹತ್ತೂವರೆವರೆಗೆ ಒಂದೇ ಕತೆ, ಸೀರೆ ಮಾತ್ರ ಬೇರೆ. ಒಂದು ನಿಶ್ಚಿತಾರ್ಥ ಮೂರು ವಾರ ನಡೆಯಿತು. ಉಂಗುರ ಬೆರಳಿನ ಹತ್ತಿರ ಬರುತ್ತದೆ, ಮನೆಯವರೆಲ್ಲರ ಮುಖ ಮೂರು ಮೂರು ಸಲ ತೋರಿಸುತ್ತಾರೆ, ಆಮೇಲೆ ಜಾಹೀರಾತು. ಅದನ್ನೂ ಸಹಿಸಬಹುದು. ಆದರೆ ಏಳೂವರೆಯದರಲ್ಲಿ ಹೊಸದಾಗಿ ಮಂಗಳೂರಿನ ಅತ್ತೆ ಒಬ್ಬಳು ಬಂದಿದ್ದಾಳೆ. ಸೊಸೆಗೂ ‘ಎಂತ ಮಾರಾಯ್ರೆ’, ಬೆಕ್ಕಿಗೂ ‘ಎಂತ ಮಾರಾಯ್ರೆ’. ನಿನ್ನೆ ನೀರುದೋಸೆ ಹೊಯ್ದು ಸಟ್ಟುಗದಲ್ಲಿ ಮಗುಚಿ ಹಾಕಿದಳು! ಅಲ್ಲಿಗೆ ನನ್ನ ತಾಳ್ಮೆ ಮುಗಿಯಿತು. ನಾನು ನೋಡುವವನಲ್ಲ. ಅಮ್ಮ ಟಿವಿ ಹಾಕಿದಾಗ ಕಿವಿಗೆ ಬೀಳುತ್ತದೆ, ಅಷ್ಟೆ.

ಸುರತ್ಕಲ್ ಸ್ಟಾಪ್:
‘ಒಂದೇ ಕತೆ’ ಅಂತೆ. 2013ರಲ್ಲಿ ಶುರುವಾದ ಅಗ್ನಿಸಾಕ್ಷಿ 2020ರವರೆಗೆ ಓಡಿತು. ಜನ ನೋಡದಿದ್ದರೆ ಓಡುತ್ತಿತ್ತಾ? ಬೇಡದಿದ್ದರೆ ರಿಮೋಟ್ ಉಂಟಲ್ಲ.

ರಥಬೀದಿ:
ಯಾವ ಜನ? ಯಾರು ಯಾವ ಚಾನೆಲ್ ನೋಡುತ್ತಾರೆ ಅಂತ ಅಳೆಯುವ ಬಾರ್ಕ್ ಸಂಸ್ಥೆಯವರ ಮೀಟರ್ ಇಡೀ ದೇಶದಲ್ಲಿ ಇರುವುದು ಹೆಚ್ಚುಕಡಿಮೆ 58 ಸಾವಿರ ಮನೆಗಳಲ್ಲಿ. ಗುರುವಾರ ಗುರುವಾರ ನೀವು ಕುಣಿಯುವ ಟಿಆರ್‌ಪಿ ಅದೇ. ನಮ್ಮ ಕೇರಿಯಲ್ಲಂತೂ ಒಂದು ಮೀಟರ್ ಇಲ್ಲ.

ಸುರತ್ಕಲ್ ಸ್ಟಾಪ್:
ಇಲ್ಲ ಅಂತ ನಿಮಗೆ ಹೇಗೆ ಗೊತ್ತು? ಮೀಟರ್ ಇಟ್ಟ ಮನೆಯ ಹೆಸರು ಗುಟ್ಟಾಗಿ ಇಡುತ್ತಾರೆ. ಪಕ್ಕದ ಮನೆಯಲ್ಲೇ ಇರಬಹುದು. ಅವರು ಏಳೂವರೆಯದನ್ನೇ ನೋಡುತ್ತಿರಬಹುದು.

ಕೋಟೇಶ್ವರ ಕೊಡಿ:
ಹ್ವಾಯ್, ಮೀಟರ್ ವಿಷಯ ಬಿಡಿ. ನೀರುದೋಸೆ ಮಗುಚಬಾರದು ಅಂತ ಯಾವ ಶಾಸ್ತ್ರದಲ್ಲಿ ಉಂಟು ಮರ್ರೆ? ನಮ್ಮ ಅಜ್ಜಿ ಮಗುಚುತ್ತಿದ್ದರು.

ಬೋಳಾರದ ಅಕ್ಕ:
ಅದು ಉದ್ದಿನ ದೋಸೆ ಇರಬೇಕು ತಮ್ಮಾ.

ಕೋಟೇಶ್ವರ ಕೊಡಿ:
ಅಂದ್ರೆ ನಮ್ಮ ಅಜ್ಜಿಗೆ ಉದ್ದು ಯಾವುದು, ಅಕ್ಕಿ ಯಾವುದು ಅಂತ ಗೊತ್ತಿರಲಿಲ್ಲ ಅಂತೀರಾ? ಎಂಬತ್ತು ವರ್ಷ ಒಲೆ ಮುಂದೆ ಕೂತವರು ಅವರು.

ಬೋಳಾರದ ಅಕ್ಕ:
ಅಜ್ಜಿಯ ಸುದ್ದಿ ನಾನು ಎತ್ತಲಿಲ್ಲ, ನೀವೇ ಎತ್ತಿದ್ದು. ನೀರುದೋಸೆ ಅಂದರೆ ಬೆಳ್ತಿಗೆ ಅಕ್ಕಿ ನೆನೆಸಿ ನುಣ್ಣಗೆ ಅರೆದು, ನೀರಿನ ಹಾಗೆ ತೆಳ್ಳಗೆ ಮಾಡಿ, ಕಾದ ಕಾವಲಿಗೆ ಮೇಲಿಂದ ಚೆಲ್ಲುವುದು. ಹುಳಿ ಬರಲಿಕ್ಕೆ ಇಡುವುದೇ ಇಲ್ಲ. ಚೆಲ್ಲಿದ ಕೂಡಲೇ ಜಾಲರಿ ಹಾಗೆ ತೂತು ಬೀಳಬೇಕು. ಆಮೇಲೆ ನಾಲ್ಕು ಮಡಿಕೆ ಮಾಡಿ ತೆಗೆಯುವುದು. ಆ ಅತ್ತೆ ಸೌಟಿನ ಅಡಿಯಿಂದ ಹಿಟ್ಟನ್ನು ಸುತ್ತ ತಿರುಗಿಸಿ ಹರಡಿದಳು. ನೀರುದೋಸೆ ಹಿಟ್ಟು ಹಾಗೆ ಹರಡಲಿಕ್ಕೆ ಬರುತ್ತದಾ? ಸೌಟಿಗೇ ಮೆತ್ತಿಕೊಂಡು ಬರುತ್ತದೆ. ಅಲ್ಲಿ ಇದ್ದದ್ದು ಪೇಟೆಯಿಂದ ತಂದ ಪ್ಯಾಕೆಟ್ ಹಿಟ್ಟು.

ರಥಬೀದಿ:
ಅಕ್ಕ ಸರಿಯಾಗಿ ಹೇಳಿದರು. ತವಾ ಕೂಡ ನಾನ್‌ಸ್ಟಿಕ್. ಎಣ್ಣೆ ಸವರಲು ಅರ್ಧ ಈರುಳ್ಳಿಯೂ ಇರಲಿಲ್ಲ.

ಸುರತ್ಕಲ್ ಸ್ಟಾಪ್:
ಒಂದು ನಿಮಿಷ. ‘ಕಿವಿಗೆ ಬೀಳುತ್ತದೆ’ ಅಂದಿರಲ್ಲ. ತವಾ ನಾನ್‌ಸ್ಟಿಕ್ ಅಂತ ಕಿವಿಗೆ ಹೇಗೆ ಬಿತ್ತು?

ರಥಬೀದಿ:
ವಿಷಯಾಂತರ ಮಾಡಬೇಡಿ.

ಕೋಟೇಶ್ವರ ಕೊಡಿ:
ಪ್ಯಾಕೆಟ್ ಹಿಟ್ಟು ಅಂತ ಟಿವಿಯಲ್ಲಿ ನೋಡಿ ಹೇಳುವವರು ನಮ್ಮ ಅಜ್ಜಿಯ ದೋಸೆ ನೋಡಿದ್ದೀರಾ? ಮಂಗಳೂರಿನವರು ಮಾಡಿದ್ದು ಮಾತ್ರ ಸರಿ, ಉಳಿದ ಊರಿನವರು ಕೈಕಟ್ಟಿ ಕೂರಬೇಕು. ಭಾಷೆಯಲ್ಲೂ ಇದೇ ಕತೆ. ಟಿವಿಯವರಿಗೆ ಕರಾವಳಿ ಅಂದ್ರೆ ಮಂಗಳೂರು, ಅಷ್ಟೇ. ಕುಂದಾಪ್ರ ಕನ್ನಡ ಅಂತ ಬೇರೆ ಉಂಟು ಅಂತಲೇ ಗೊತ್ತಿಲ್ಲ ಅವರಿಗೆ.

ಬೋಳಾರದ ಅಕ್ಕ:
ನಾನು ದೋಸೆ ಬಗ್ಗೆ ಮಾತಾಡಿದರೆ ಇವರಿಗೆ ಊರಿನ ಜಗಳ. ಮೊದಲು ಮಗುಚಿದ ನೀರುದೋಸೆಯ ಒಂದು ಫೋಟೋ ಹಾಕಿ, ಆಮೇಲೆ ಭಾಷೆ.

ಮಣಿಪಾಲ ಪಿಜಿ:
ನಾನು ಹಾವೇರಿ ಕಡೆಯವನು, ಇಲ್ಲಿ ಓದುತ್ತಿದ್ದೇನೆ. ನಮ್ಮ ಕಡೆ ಮಾತನ್ನೂ ಬರೀ ನಗಿಸೋದಕ್ಕೇ ಬಳಸ್ತಾರೆ. ‘ಯಾಕಲೇ’ ಅಂದರೆ ಸಾಕು, ಹಿಂದಿನಿಂದ ನಗುವಿನ ಸೌಂಡು. ನಿಮ್ಮದು ಅತ್ತೆಯ ಪಾತ್ರವಾದರೂ ಆಯಿತು. ನಮ್ಮವರಿಗೆ ಕೊಡೋದು ಡ್ರೈವರ್ ಪಾತ್ರ.

ಸುರತ್ಕಲ್ ಸ್ಟಾಪ್:
‘ಬರೀ ನಗಿಸೋದಕ್ಕೆ’? ಬಿಗ್ ಬಾಸ್ 9ನೇ ಸೀಸನ್ ಗೆದ್ದದ್ದು ಯಾರು? ನಮ್ಮ ರೂಪೇಶ್ ಶೆಟ್ಟಿ. 2022ರ ಡಿಸೆಂಬರ್ 31ರ ರಾತ್ರಿ ನಮ್ಮಲ್ಲಿ ಪಟಾಕಿ ಹೊಡೆದರು.

ರಥಬೀದಿ:
ಅದು ಹೊಸವರ್ಷದ ಪಟಾಕಿ.

ಸುರತ್ಕಲ್ ಸ್ಟಾಪ್:
ಹನ್ನೆರಡಕ್ಕೆ ಮೊದಲೇ ಹೊಡೆದದ್ದು! ಒಳ್ಳೆಯದು ಬೇಕು ಬೇಕು ಅಂತೀರಿ. ಟಿ.ಎನ್. ಸೀತಾರಾಂ ಅವರು 2018ರಲ್ಲಿ ಮಗಳು ಜಾನಕಿ ಕೊಟ್ಟರಲ್ಲ, ಎಷ್ಟು ದಿನ ನೋಡಿದಿರಿ? ನಿಂತೇ ಹೋಯಿತು.

ರಥಬೀದಿ:
ನಿಂತದ್ದು 2020ರಲ್ಲಿ, ಲಾಕ್‌ಡೌನ್ ಕಾಲಕ್ಕೆ. ಆಗ ಶೂಟಿಂಗೇ ಇರಲಿಲ್ಲ. ಅರ್ಧ ಸತ್ಯ ಹೇಳಬೇಡಿ.

ಸುರತ್ಕಲ್ ಸ್ಟಾಪ್:
ಶೂಟಿಂಗ್ ಎಲ್ಲರಿಗೂ ಇರಲಿಲ್ಲ. ಉಳಿದ ಎಷ್ಟೋ ಧಾರಾವಾಹಿ ಆಮೇಲೆ ಮತ್ತೆ ಶುರುವಾದವು. ಅದೇ ಲಾಕ್‌ಡೌನಿನಲ್ಲಿ ಡಬ್ ಮಾಡಿದ ಮಹಾಭಾರತವನ್ನು ಮನೆಮಂದಿಯೆಲ್ಲ ಕೂತು ನೋಡಿದರು. ಜನರಿಗೆ ಬೇಕಾದದ್ದು ಉಳಿಯುತ್ತದೆ.

ಕೋಟೇಶ್ವರ ಕೊಡಿ:
ಫೋಟೋ ಕೇಳಿದ್ದರಲ್ಲ. ತೆಗೆಯಲಿಕ್ಕೆ ಅಜ್ಜಿ ಈಗ ಇಲ್ಲ. ಅಮ್ಮನಿಗೆ ಫೋನ್ ಮಾಡಿ ಕೇಳಿದೆ.

ಬೋಳಾರದ ಅಕ್ಕ:
ಏನಂದರು?

ಕೋಟೇಶ್ವರ ಕೊಡಿ:
ದಪ್ಪ ಆದದ್ದನ್ನು ಮಾತ್ರ ಮಗುಚುತ್ತಿದ್ದರಂತೆ.

ಬೋಳಾರದ ಅಕ್ಕ:
ದಪ್ಪ ಆದದ್ದು ನೀರುದೋಸೆ ಹೇಗಾಯಿತು?

ಕೋಟೇಶ್ವರ ಕೊಡಿ:
ಒಟ್ಟಿನಲ್ಲಿ ಮಗುಚಿದ್ದು ಹೌದೋ ಅಲ್ಲವೋ? ಅಷ್ಟೇ ನಾನು ಹೇಳಿದ್ದು. ನೀವು ಹಟಕ್ಕೆ ಬಿದ್ದಿದ್ದೀರಿ. ಹಿರಿಯರು ಅಂತ ಸುಮ್ಮನಿದ್ದೇನೆ.

ಬೋಳಾರದ ಅಕ್ಕ:
ಇಷ್ಟು ಹೊತ್ತು ಸುಮ್ಮನಿದ್ದದ್ದಾ ಇದು!

ರಥಬೀದಿ:
ದಯವಿಟ್ಟು ಮೂಲ ವಿಷಯಕ್ಕೆ ಬನ್ನಿ. ಧಾರಾವಾಹಿಯವರು ಬೆಂಗಳೂರಿನ ಸೆಟ್ಟಿನಲ್ಲಿ ಅಡುಗೆಮನೆ ಮಾಡಿ ಅದಕ್ಕೆ ಮಂಗಳೂರು ಅಂತ ಹೆಸರು ಇಡುತ್ತಾರೆ. ಗೋಡೆಗೆ ಒಂದು ಯಕ್ಷಗಾನದ ಮುಖವಾಡ ತೂಗುಹಾಕಿದರೆ ಕರಾವಳಿ ಆಯಿತಾ? ನಮ್ಮಲ್ಲಿ ಅಡುಗೆಮನೆಯಲ್ಲಿ ಯಾರು ಮುಖವಾಡ ತೂಗುಹಾಕುತ್ತಾರೆ? ಮಸಿ ಹಿಡಿಯುವುದಿಲ್ಲವಾ?

ಸುರತ್ಕಲ್ ಸ್ಟಾಪ್:
ಮುಖವಾಡ ಕೂಡ ಕಿವಿಗೆ ಬಿತ್ತಾ?

ರಥಬೀದಿ:
ನಿಮ್ಮ ಹತ್ತಿರ ಮಾತಾಡಿ ಪ್ರಯೋಜನ ಇಲ್ಲ. ಏಳು ಇಪ್ಪತ್ತೈದು ಆಯಿತು, ಅಮ್ಮ ಕರೆಯುತ್ತಿದ್ದಾರೆ. ಉಳಿದದ್ದು ಎಂಟರ ನಂತರ ಬರೆಯುತ್ತೇನೆ.

ಮಣಿಪಾಲ ಪಿಜಿ:
ಅಕ್ಕಾ, ಒಂದು ಡೌಟು. ಮಗುಚದೆ ಹೋದರೆ ಮೇಲಿನ ಹಿಟ್ಟು ಹಸಿ ಉಳಿಯೋದಿಲ್ವಾ?

ಬೋಳಾರದ ಅಕ್ಕ:
ಮುಚ್ಚಳ ಮಾರಾಯಾ, ಮುಚ್ಚಳ.