ಜಾನ್ ಲಾಕ್ ಪಾಠದ ಹಾಳೆ: ನಮ್ಮ ಬಿ.ಎ. ಗುಂಪಿನಲ್ಲಿ ನಡೆದ ಚರ್ಚೆ

ಸವಿತಾ: [ಫೋಟೊ] ಮಗಳಿಗೆ ಹೈಸ್ಕೂಲಿನಲ್ಲಿ ಕೊಟ್ಟ ಹಾಳೆ ಇದು. ನಾವಿರುವುದು ಅಮೆರಿಕದ ನಾರ್ತ್ ಕ್ಯಾರೊಲಿನಾದಲ್ಲಿ, ಹಾಗಾಗಿ ಇಲ್ಲಿಯವರಿಗೆ ಇದು ಊರಿನ ಇತಿಹಾಸವೂ ಹೌದು. ಎಡಗಡೆ ಇರುವುದು, ಮನುಷ್ಯರ ಹಕ್ಕುಗಳ ಬಗ್ಗೆ ಬರೆದ ಇಂಗ್ಲಿಷ್ ತತ್ವಜ್ಞಾನಿ ಜಾನ್ ಲಾಕ್ 1689ರಲ್ಲಿ ಅಚ್ಚು ಹಾಕಿಸಿದ ಪುಸ್ತಕದ ಶುರುವಿನ ಮಾತು: ಗುಲಾಮಗಿರಿ ಎಷ್ಟು ಹೀನ ಅಂದರೆ, ಒಬ್ಬ ಇಂಗ್ಲಿಷ್ ಮನುಷ್ಯ ಅದರ ಪರ ವಾದಿಸುತ್ತಾನೆ ಅಂತ ಊಹಿಸುವುದೇ ಕಷ್ಟ. ಬಲಗಡೆ ಇರುವುದು 1669ರಲ್ಲಿ ಕ್ಯಾರೊಲಿನಾ ವಸಾಹತಿಗೆ ಬರೆದ ಸಂವಿಧಾನದ 110ನೇ ವಿಧಿ: ಪ್ರತಿ ಸ್ವತಂತ್ರ ಮನುಷ್ಯನಿಗೂ ತನ್ನ ನೀಗ್ರೊ ಗುಲಾಮರ ಮೇಲೆ ಪೂರ್ತಿ ಅಧಿಕಾರ. ಇದರಲ್ಲೂ ಲಾಕ್ ಕೈ ಇತ್ತು. ಊಟಕ್ಕೆ ಕೂತಾಗ ಮಗಳು ಕೇಳಿದಳು, "ಅಮ್ಮ, ಹಾಗಾದರೆ ಇವನ ಮಾತು ನಂಬಬೇಕಾ ಬೇಡ್ವಾ?" ನೀವೇನು ಹೇಳುತ್ತೀರಿ?

ಮಂಜುನಾಥ: ಹದಿನೈದು ವರ್ಷದ ಮಕ್ಕಳಿಗೆ ಇದು ಜಾಸ್ತಿ ಆಯ್ತು ಸವಿತಾ. ಅವನು ಏನು ಹೇಳಿದ ಅನ್ನುವುದೇ ಇನ್ನೂ ತಲೆಗೆ ಹೋಗಿರುವುದಿಲ್ಲ. ಅಷ್ಟರಲ್ಲೇ "ನೋಡಿ, ಎಂಥ ಮನುಷ್ಯ" ಅಂದರೆ ಮಕ್ಕಳು ವಿಚಾರವನ್ನೂ ಬಿಟ್ಟುಬಿಡುತ್ತಾರೆ.

ರವಿ: ಬಿಡಲಿ ಮಂಜು, ಏನೀಗ? ಗುಲಾಮರ ವ್ಯಾಪಾರ ಮಾಡುತ್ತಿದ್ದ ರಾಯಲ್ ಆಫ್ರಿಕನ್ ಕಂಪನಿಯಲ್ಲಿ ಅವನು ದುಡ್ಡು ಹೂಡಿದ್ದ. ಆ ಎಡಗಡೆಯ ಸಾಲಿನಲ್ಲೂ ಆಫ್ರಿಕಾದವರ ಮಾತಿಲ್ಲ, ಗಮನಿಸಿ. ಇಂಗ್ಲಿಷರು ತಮ್ಮ ರಾಜನಿಗೆ ಗುಲಾಮರಾಗುತ್ತಾರಲ್ಲ ಅನ್ನುವುದೇ ಅವನ ಚಿಂತೆ. ಇವನಿಂದ ಮಾನವ ಹಕ್ಕು ಕಲಿಯಬೇಕಾ?

ಮಂಜುನಾಥ: ರಾಜನ ವಿಷಯ ಅಂದರೆ ಸಣ್ಣದಾ ರವಿ? ರಾಜನ ಅಧಿಕಾರ ಬೈಬಲ್ಲಿನ ಮೊದಲ ಮನುಷ್ಯ ಆದಮನಿಂದ ಇಳಿದು ಬಂದದ್ದು ಅಂತ ರಾಬರ್ಟ್ ಫಿಲ್ಮರ್ ಬರೆದದ್ದು 1680ರಲ್ಲಿ ಅಚ್ಚಾಯಿತು. ಅದನ್ನು ಒಪ್ಪದವರ ತಲೆಯೇ ಹೋಗುವ ಕಾಲ. ರಾಜನ ವಿರೋಧಿ ಆಲ್ಜೆರ್ನಾನ್ ಸಿಡ್ನಿ ಫಿಲ್ಮರ್‌ನನ್ನು ಖಂಡಿಸಿ ಬರೆದು ಮನೆಯಲ್ಲಿಟ್ಟಿದ್ದ ಕೈಬರಹವನ್ನೇ ಸಾಕ್ಷಿ ಮಾಡಿಕೊಂಡು 1683ರಲ್ಲಿ ಅವನ ತಲೆ ಕಡಿದರು. ಅದೇ ವರ್ಷ ಲಾಕ್ ಹಾಲೆಂಡಿಗೆ ಓಡಿಹೋದ. ಪುಸ್ತಕ ಹೊರಬಂದಾಗಲೂ ಅದರ ಮೇಲೆ ಹೆಸರು ಹಾಕಿಕೊಳ್ಳಲಿಲ್ಲ. ತಾನೇ ಬರೆದದ್ದು ಅಂತ ಒಪ್ಪಿಕೊಂಡದ್ದು 1704ರಲ್ಲಿ, ಸಾಯುವ ಮುಂಚೆ, ಉಯಿಲಿನಲ್ಲಿ. ಇದನ್ನು ಹೇಳದೆ 110ನೇ ವಿಧಿ ತೋರಿಸುವುದು ಅನ್ಯಾಯ. ಅಲ್ಲದೆ ಕ್ಯಾರೊಲಿನಾ ಎಂಟು ಜನ ಶ್ರೀಮಂತರ ಆಸ್ತಿ. ಲಾಕ್ ಅವರ ಕಾರ್ಯದರ್ಶಿ. ಹೇಳಿದ್ದನ್ನು ಬರೆದುಕೊಟ್ಟ.

ಸವಿತಾ: ಬರೀ ಬರೆದುಕೊಟ್ಟವನಲ್ಲ ಮಂಜು. ಹಾಳೆಯ ಹಿಂದೆ ಬರೆದಿದೆ. ಕರಡಿನಲ್ಲಿ ಅವನ ಕೈಬರಹದ ತಿದ್ದುಪಡಿಗಳಿವೆ. ಆಮೇಲೆ ಆ ವಸಾಹತಿನ ಲ್ಯಾಂಡ್‌ಗ್ರೇವ್ ಅನ್ನುವ ಶ್ರೀಮಂತ ಮನೆತನದ ಪದವಿಯನ್ನೂ ಅವನಿಗೆ ಕೊಟ್ಟರು.

ಶೈಲಜಾ: ನಾನು ಒಂಬತ್ತನೇ ಕ್ಲಾಸಿಗೆ ಇದೇ ಪಾಠ ಮಾಡುವವಳು, ಸ್ವಲ್ಪ ಉದ್ದ ಬರೆಯುತ್ತೇನೆ.

"ಹಕ್ಕು ಯಾರು ಕೊಡುತ್ತಾರೆ?" ಅಂತ ಕೇಳಿದರೆ ಇಡೀ ಕ್ಲಾಸು "ಸರ್ಕಾರ ಮಿಸ್" ಅನ್ನುತ್ತದೆ. ರೇಷನ್ ಕಾರ್ಡ್ ಇದ್ದ ಹಾಗೆ, ಅರ್ಜಿ ಹಾಕಿದರೆ ಸಿಗುತ್ತದೆ, ಬೇಡ ಅಂದಾಗ ರದ್ದು ಮಾಡುತ್ತಾರೆ ಅಂತ ಮಕ್ಕಳ ಲೆಕ್ಕ. ಇದನ್ನು ಅಲ್ಲಾಡಿಸಲು ನನಗೆ ಲಾಕ್ ಬೇಕೇ ಬೇಕು. ಜೀವ, ಸ್ವಾತಂತ್ರ್ಯ, ಆಸ್ತಿ ಇವು ಸರ್ಕಾರಕ್ಕಿಂತ ಮುಂಚಿನಿಂದಲೂ ಇವೆ. ಇವನ್ನು ಕಾಯಲಿ ಅಂತ ಜನ ಒಪ್ಪಿ ಸರ್ಕಾರ ಮಾಡಿಕೊಂಡರು. ಕಾಯದಿದ್ದರೆ ಜನ ಅದನ್ನು ತೆಗೆದುಹಾಕಬಹುದು. ಇಷ್ಟು ಹೇಳಿ ನಮ್ಮ ಸಂವಿಧಾನದ 13ನೇ ವಿಧಿ ಓದಿಸಿದರೆ, ಮೂಲಭೂತ ಹಕ್ಕು ಕಸಿಯುವ ಕಾನೂನು ಮಾಡಬಾರದು ಅಂತ ಸರ್ಕಾರಕ್ಕೇ ಯಾಕೆ ಕಟ್ಟು ಹಾಕಿದ್ದಾರೆ ಅನ್ನುವುದು ಮಕ್ಕಳಿಗೆ ಹೊಳೆಯುತ್ತದೆ.

ಆದರೆ ಮಂಜು, ಬಲಗಡೆಯ ಸಾಲು ಮುಚ್ಚಿಡುವುದು ನನ್ನಿಂದ ಆಗುವುದಿಲ್ಲ. ಗುಲಾಮಗಿರಿ ಅಂದ ತಕ್ಷಣ ನನ್ನ ಮಕ್ಕಳು ಕೇಳುವುದು "ಜೀತದ ತರಾನಾ ಮಿಸ್?" ಅಂತ. ಜೀತ ಕಾನೂನಿನಲ್ಲಿ ರದ್ದಾದದ್ದು 1976ರಲ್ಲಿ. ತಾತ ಜೀತಕ್ಕಿದ್ದ ಹುಡುಗ ಆ ಬೆಂಚಿನಲ್ಲೇ ಕೂತಿರಬಹುದು. ಅವನ ಎದುರು ಲಾಕ್ ದೊಡ್ಡ ಮನುಷ್ಯ ಅಂತಷ್ಟೇ ಹೇಳಿ ನಾಳೆ ಅವನಿಗೆ ಮಿಕ್ಕಿದ್ದು ಬೇರೆ ಕಡೆಯಿಂದ ಗೊತ್ತಾದರೆ, ನಾನು ಹೇಳಿದ ಯಾವುದನ್ನೂ ನಂಬುವುದಿಲ್ಲ.

ರವಿ, ನಿನಗೂ ಒಂದು ಮಾತು. ಈ ವಿಚಾರ ಲಾಕ್ ಕೈಯಲ್ಲೇ ಉಳಿಯಲಿಲ್ಲ. 1777ರ ಜನವರಿಯಲ್ಲಿ ಬಾಸ್ಟನ್ನಿನ ಪ್ರಿನ್ಸ್ ಹಾಲ್ ಮತ್ತು ಇನ್ನು ಕೆಲವು ಕಪ್ಪು ಜನ ಮ್ಯಾಸಚೂಸೆಟ್ಸ್ ಶಾಸನಸಭೆಗೆ ಅರ್ಜಿ ಕೊಟ್ಟರು. ಎಲ್ಲ ಮನುಷ್ಯರ ಹಾಗೆ ಸ್ವಾತಂತ್ರ್ಯ ನಮಗೂ ಹುಟ್ಟಿನಿಂದ ಬಂದ ಹಕ್ಕು, ಅದನ್ನು ನಾವು ಯಾವ ಒಪ್ಪಂದದಲ್ಲೂ ಬಿಟ್ಟುಕೊಟ್ಟಿಲ್ಲ ಅಂತ. ವಾದ ಲಾಕ್‌ನದೇ, ಆದರೆ ಯಾರನ್ನು ಲೆಕ್ಕಕ್ಕೇ ಇಟ್ಟಿರಲಿಲ್ಲವೋ ಅವರು ಎತ್ತಿದ್ದು. ಸಭೆ ಏನೂ ಮಾಡಲಿಲ್ಲ. ಆದರೆ 1783ರಲ್ಲಿ, ಕ್ವಾಕ್ ವಾಕರ್ ಎಂಬುವವನನ್ನು ಹೊಡೆದ ಯಜಮಾನನ ಮೇಲಿನ ಮೊಕದ್ದಮೆಯಲ್ಲಿ, ಎಲ್ಲರೂ ಸ್ವತಂತ್ರರಾಗಿ ಹುಟ್ಟುತ್ತಾರೆ ಅನ್ನುವ ಮ್ಯಾಸಚೂಸೆಟ್ಸ್ ಸಂವಿಧಾನಕ್ಕೂ ಗುಲಾಮಗಿರಿಗೂ ಹೊಂದುವುದಿಲ್ಲ ಅಂತ ಆ ರಾಜ್ಯದ ಮುಖ್ಯ ನ್ಯಾಯಾಧೀಶರೇ ಹೇಳಿದರು. ಲಾಕ್‌ನನ್ನೇ ಪಾಠದಿಂದ ಎತ್ತಿಬಿಟ್ಟರೆ ಪ್ರಿನ್ಸ್ ಹಾಲ್ ಯಾರ ಮಾತನ್ನು ಯಾರ ಎದುರು ತಿರುಗಿಸಿದ ಅಂತ ಹೇಗೆ ಹೇಳಲಿ?

ರವಿ: ಪ್ರಿನ್ಸ್ ಹಾಲ್ ವಿಷಯ ಒಪ್ಪಿದೆ. ಆದರೂ ಸಮಾಧಾನ ಇಲ್ಲ ಶೈಲಜಾ. ಜಮೀನಿನ ಮಾತು ಬಿಟ್ಟೆ ನೀನು. ದುಡಿದು ಬೇಸಾಯ ಮಾಡಿದವನಿಗೇ ಭೂಮಿ ಅಂದ ಅವನು. ಬೇಟೆಯಾಡಿ ಬದುಕುತ್ತಿದ್ದ ಅಮೆರಿಕದ ಮೂಲನಿವಾಸಿಗಳ ಕಾಡು ಯಾರಿಗೂ ಸೇರದ್ದು ಅಂತ ವಲಸೆ ಬಂದವರು ಹೇಳಲು ಅದೇ ಮಾತು ಸಾಕಾಯಿತು. ಆಸ್ತಿಯ ಹಕ್ಕು ಹೇಳಿಕೊಡುವಾಗ ಅದೂ ಬರಲಿ.

ಶೈಲಜಾ: ಬರಬೇಕು, ಹೌದು. ಅದನ್ನು ನಾನು ಇಲ್ಲಿಯವರೆಗೆ ಕ್ಲಾಸಿನಲ್ಲಿ ಎತ್ತಿರಲಿಲ್ಲ.

ಮಂಜುನಾಥ: ಒಂದು ಪಿರಿಯಡ್ಡಿನಲ್ಲಿ ಇಷ್ಟೆಲ್ಲ ಹೇಗೆ? ಸಿಲಬಸ್ ಮುಗಿಯಬೇಕಲ್ವಾ? ಮೊದಲು ಅವನ ವಾದ ಗಟ್ಟಿ ಆಗಲಿ ಅಂತ ಈಗಲೂ ಹೇಳುತ್ತೇನೆ. ಸಿಡ್ನಿ ಯಾಕೆ ಸತ್ತ ಅಂತ ಗೊತ್ತಿಲ್ಲದ ಮಗುವಿಗೆ ಲಾಕ್ ತಪ್ಪು ಕಾಣುತ್ತದೆ, ಧೈರ್ಯ ಕಾಣುವುದಿಲ್ಲ.

ಶೈಲಜಾ: ಎರಡು ಪಿರಿಯಡ್ ತೆಗೆದುಕೊಳ್ಳುತ್ತೇನೆ. ಫಿಲ್ಮರ್, ಸಿಡ್ನಿ, ಹಾಲೆಂಡ್ ಮೊದಲನೆಯದರಲ್ಲಿ. ಸವಿತಾ, ಹಾಳೆಯ ಹಿಂಬದಿಯ ಫೋಟೊನೂ ಹಾಕೇ, ಈ ಫೋಟೊದ ಅಂಚೂ ಅರ್ಧ ಕತ್ತರಿಸಿದೆ.

ಸವಿತಾ: ಮಗಳು ಶಾಲೆಯಿಂದ ಬರಲಿ, ಹಾಕುತ್ತೇನೆ. ಪ್ರಿನ್ಸ್ ಹಾಲ್ ಅರ್ಜಿಯನ್ನೂ ಅವಳಿಗೆ ಕೊಡುತ್ತೇನೆ ಓದಲು.