ಮಾಡದ ಕಳ್ಳತನದ ಅಪವಾದ, ಒಳಗೆ ಇಳಿದ ಕಹಿ: ದಾಟಿ ಬಂದವರು ಹೇಳಿರಿ

ವಿಜಯಪುರದಿಂದ ಒಬ್ಬ ತಂಗಿ ಕೇಳಿದ್ದು:
ನಾನು ಮಹಿಳಾ ಸಂಘದ ಲೆಕ್ಕ ಬರೆಯುತ್ತಿದ್ದೆ. 18,000 ರೂಪಾಯಿ ಕಡಿಮೆ ಬಂತು. ನಾನೇ ತಿಂದೆ ಅಂತ ಓಣಿ ತುಂಬ ಮಾತಾಯಿತು. ನಾನು ಒಂದು ರೂಪಾಯಿ ಮುಟ್ಟಿಲ್ಲ. ಮಾತು ಹಬ್ಬಿಸಿದ ಅಕ್ಕ ನಮ್ಮ ಚರ್ಚಿನ ಸಭೆಯವರೇ, ಭಾನುವಾರ ನನ್ನ ಮುಂದಿನ ಬೆಂಚಿನಲ್ಲೇ ಕೂಡುತ್ತಾರೆ. ಅವರ ಬೆನ್ನು ನೋಡುತ್ತಾ ಪ್ರಾರ್ಥನೆ ಬರುತ್ತಿಲ್ಲ. ಎಲ್ಲರೂ "ಕ್ಷಮಿಸಿ ಬಿಟ್ಟುಬಿಡು" ಅನ್ನುತ್ತಾರೆ. ಹೇಗೆ ಬಿಡಲಿ?

ಗುಳೇದಗುಡ್ಡದಿಂದ ಒಬ್ಬ ಅಣ್ಣ:
ತಂಗಿ, ನಮ್ಮದು ಖಣ ನೇಯುವ ಮನೆತನ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್‌ನವರು ನಮ್ಮೂರಿಗೆ ಬಂದದ್ದು 1851ರಲ್ಲಿ, ಅಜ್ಜ ಮುತ್ತಜ್ಜರ ಕಾಲದಿಂದ ಅದೇ ಸಭೆಯಲ್ಲಿ ಕೂತವರು ನಾವು. ಅಂಥ ಊರಲ್ಲಿ ಹೆಸರು ಕೆಟ್ಟರೆ ಮುಖ ಎಲ್ಲಿ ಇಡುವುದು? ಮಾಲಕರ ಕಡೆ ನೂಲು ತೂಗಿ ನೇಕಾರರಿಗೆ ಕೊಡುವ ಕೆಲಸ ನನ್ನದು. ಒಂದು ದೀಪಾವಳಿ ಮುಂದೆ ರೇಷ್ಮೆ ನೂಲು 4 ಕಿಲೋ ಕಡಿಮೆ ಬಿತ್ತು. "ಕೀಲಿ ಇವನ ಕೈಯಾಗ ಇರ್ತದರೀ" ಅಂದುಬಿಟ್ಟ ಜೊತೆಗಾರ. 7 ತಿಂಗಳು ಪಗಾರದಲ್ಲಿ ಮುರಿದುಕೊಂಡರು.

ಆಮೇಲೆ ನನಗೆ ಅವನ ಜೊತೆ ಮಾತಿಲ್ಲ, ಆದರೆ ತಲೆಯೊಳಗೆ ದಿನವೂ ವಾದ. ಜಳಕ ಮಾಡುವಾಗ, ರೊಟ್ಟಿ ಮುರಿಯುವಾಗ, ತಕ್ಕಡಿ ಹಿಡಿದಾಗಲೂ ಅವನಿಗೆ ಉತ್ತರ ಕೊಡುತ್ತಲೇ ಇದ್ದೆ. ಪ್ರತಿ ವಾದದಲ್ಲೂ ನಾನೇ ಗೆಲ್ಲುತ್ತಿದ್ದೆ, ರಾತ್ರಿ ನಿದ್ದೆ ಮಾತ್ರ ಇಲ್ಲ. ಹಾಗಿರುವಾಗ ಒಂದು ರಾತ್ರಿ ಬೈಬಲಿನ 69ನೇ ಕೀರ್ತನೆ ತೆರೆದೆ. ನಾಲ್ಕನೇ ವಚನದಲ್ಲಿ ಕೀರ್ತನೆಗಾರ, ತಾನು ಕದಿಯದೇ ಇದ್ದದ್ದನ್ನು ತಿರುಗಿ ಕೊಡಬೇಕಾಯಿತಲ್ಲ ಎಂದು ಗೋಳಾಡುತ್ತಾನೆ. ಬೆರಳಿಟ್ಟು ಮೂರು ಸಲ ಓದಿದೆ. ಅದು ನನ್ನ ಪಗಾರದ ಚೀಟಿಯೇ.

ನಮ್ಮ ಸಭೆಯ ಪಾದ್ರಿ ಅಯ್ಯನವರಿಗೆ ತೋರಿಸಿದೆ. ಅವರು ಕ್ಷಮಿಸು ಅನ್ನಲಿಲ್ಲ. "ಪೂರ್ತಿ ಓದು, ಮುಂದೆ ಶಾಪ ಅದಾವ, ಅವನ್ನೂ ಬಿಡಬ್ಯಾಡ. ದೇವರ ಮುಂದ ಹೇಳು, ಅವನ ಮನಿ ಮುಂದ ಹೇಳಬ್ಯಾಡ" ಅಂದರು. ವಾರಗಟ್ಟಲೆ ಹಾಗೇ ಓದಿದೆ, ಬಾಗಿಲು ಹಾಕಿಕೊಂಡು, ಗಟ್ಟಿಯಾಗಿ. ಸಭೆಯಲ್ಲಿ ಯೇಸು ಕಲಿಸಿದ ಕರ್ತನ ಪ್ರಾರ್ಥನೆ ಹೇಳುವಾಗ "ನಾವು ಕ್ಷಮಿಸಿದಂತೆ" ಅನ್ನುವಲ್ಲಿ ಬಾಯಿ ಕಟ್ಟುತ್ತಿತ್ತು, ಸುಳ್ಳಾಗುತ್ತದಲ್ಲ ಅಂತ. ಆ ಜಾಗದಲ್ಲಿ "ಕ್ಷಮಿಸಲಿಕ್ಕೆ ಕಲಿಸು" ಅಂತ ಮೆಲ್ಲಗೆ ಹೇಳಿಕೊಳ್ಳುತ್ತಿದ್ದೆ. ಎಷ್ಟೋ ತಿಂಗಳು ಅಷ್ಟೇ ನನ್ನ ಪ್ರಾರ್ಥನೆ.

ಒಂದೂವರೆ ವರ್ಷದ ಮೇಲೆ, ಬಣ್ಣಕ್ಕೆ ಕಳಿಸಿದ ನೂಲಿನ ಚೀಟಿಯೊಂದು ವಹಿಗೆ ಏರಿಸದೇ ಉಳಿದದ್ದು ಸಿಕ್ಕಿತು. ಮಾಲಕರು ಸ್ವಲ್ಪ ಹಣ ತಿರುಗಿ ಕೊಟ್ಟರು, ಪೂರ್ತಿ ಅಲ್ಲ. ಜೊತೆಗಾರ ಇವತ್ತಿಗೂ "ತಪ್ಪಾಯ್ತು" ಅಂದಿಲ್ಲ. ಅವನ ತಾಯಿ ತೀರಿಕೊಂಡಾಗ ಹೋಗಿ ಕೂತೆ. ಬಹಳ ಹೊತ್ತಿಗೆ ಒಂದು ಕಪ್ ಚಹಾ ತಂದು ಕೈಗೆ ಕೊಟ್ಟ. ಇಸಗೊಂಡು ಕುಡಿದೆ. ತಲೆಯೊಳಗಿನ ವಾದ ನಿಂತು ಎಷ್ಟು ದಿನ ಆಗಿತ್ತೋ, ಅವತ್ತೇ ಗೊತ್ತಾದದ್ದು.

ಬೆಳಗಾವಿಯಿಂದ, ಬ್ಯಾಂಕಿನಲ್ಲಿ ಇದ್ದು ನಿವೃತ್ತಳಾದವಳು:
ಅಣ್ಣ ಹೇಳಿದ್ದು ನಿಜ. ಆದರೆ ತಂಗಿ, ನೀನು ಸುಮ್ಮನೆ ಇರಬೇಡ. ಯೇಸುಸ್ವಾಮಿಗೆ ಕೆನ್ನೆಗೆ ಹೊಡೆದಾಗ, ತಪ್ಪು ಮಾತಾಡಿದ್ದರೆ ಸಾಕ್ಷಿ ಕೊಡು, ಇಲ್ಲದಿದ್ದರೆ ಯಾಕೆ ಹೊಡೆದೆ ಎಂದು ಕೇಳಿದರು (ಯೋಹಾನ 18:23). ಅಪೊಸ್ತಲ ಪೌಲನು ರೋಮಿನ ಚಕ್ರವರ್ತಿ ಕೈಸರನ ತನಕ ನ್ಯಾಯ ಕೇಳಿದ. ನಿನ್ನ ಸಂಘದ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆಸು. ಠರಾವು ಪುಸ್ತಕ, ಕ್ಯಾಶ್ ಬುಕ್, ಪ್ರತಿಯೊಬ್ಬ ಸದಸ್ಯೆಯ ಪಾಸ್‌ಬುಕ್ ಎದುರಿಗಿಟ್ಟು ತಿಂಗಳು ತಿಂಗಳಿಗೆ ತಾಳೆ ನೋಡು. ಸಾಲದ ಕಂತು ಇಸಗೊಂಡು ಒಂದು ಕಡೆ ಬರೆದು ಇನ್ನೊಂದು ಕಡೆ ಬಿಟ್ಟಿರುವುದೇ ಹೆಚ್ಚಾಗಿ ಸಿಗುತ್ತದೆ. ಆಮೇಲೆ ಆ ಅಕ್ಕನ ಹತ್ತಿರ ಮೊದಲು ಒಬ್ಬಳೇ ಹೋಗು, ಕೇಳದಿದ್ದರೆ ಇಬ್ಬರನ್ನು ಕರೆದುಕೊಂಡು ಹೋಗು. ಮತ್ತಾಯ 18ರಲ್ಲಿ ಇರುವ ದಾರಿ ಇದೇ.

ಜಮಖಂಡಿಯಿಂದ:
ಬೈಬಲಿನ ಯೋಸೇಫನ ಕಥಿ ಎಲ್ಲಾರೂ ಹೇಳ್ತಾರ, ಲಗೂನ ಮುಗಸ್ತಾರ. ಹದಿನೇಳಕ್ಕ ಅಣ್ಣಂದಿರು ಮಾರಿದ್ರು, ಐಗುಪ್ತದ ರಾಜ ಫರೋಹನ ಮುಂದ ನಿಂತದ್ದು ಮೂವತ್ತಕ್ಕ. ನಡುವ ಸುಳ್ಳು ಅಪವಾದ ಹೊರಿಸಿ ಅಂವನ್ನ ಜೈಲಿಗೆ ಕಳಿಸಿದ ಧಣಿ ಪೋಟೀಫರನ ಹೆಂಡ್ತಿ ತಪ್ಪು ಒಪ್ಕೊಂಡ್ಳು ಅಂತ ಎಲ್ಲೂ ಬರದಿಲ್ಲ ನೋಡವ್ವ. ಮುಂದ ಅಧಿಕಾರಿ ಆದ ಮ್ಯಾಲ ಅಣ್ಣಂದಿರು ಬಂದಾಗ ಅಂವ ಪಟ್ನ ಅಪ್ಕೊಳ್ಳಿಲ್ಲ, ಪರೀಕ್ಷಾ ಮಾಡಿ ನೋಡಿದ, ನಡುನಡುವ ಒಳಗ ಹೋಗಿ ಅತ್ತ. ಕ್ಷಮಾ ಮಾಡಿದ್ರೂ ಕೀಲಿ ಮತ್ತ ಅವರ ಕೈಗೆ ಕೊಡಬೇಕಂತ ಇಲ್ಲ. ನೀನೂ ಅಳು, ನಾಚಿಕಿ ಬ್ಯಾಡ.

ಕೇಳಿದ ತಂಗಿ:
ಎಲ್ಲರಿಗೂ ವಂದನೆ. 69ನೇ ಕೀರ್ತನೆ ಈಗಷ್ಟೇ ಓದಿದೆ, ಗಟ್ಟಿಯಾಗಿ ಓದಲಿಕ್ಕೆ ಧ್ವನಿ ಬರಲಿಲ್ಲ. ಸೋಮವಾರ ಬ್ಯಾಂಕಿಗೆ ಹೋಗುತ್ತೇನೆ. ಭಾನುವಾರ ಬೆಂಚು ಬದಲಿಸಬೇಕೆಂದಿದ್ದೆ, ಬದಲಿಸುವುದಿಲ್ಲ.